ಮಿಲಾನಿನಲ್ಲಿ ಬೂಟು ನೋಡಿದ್ದು, ಪಾಸ್‌ಪೋರ್ಟು ಬಿಟ್ಟಿದ್ದು

ಮುಹರ್ರಕ್

ಹೆದರಿಕೆಯ ವಿಷಯದಲ್ಲಿ ನಾನು ಯಾರಿಗೂ ಬಿಟ್ಟುಕೊಡುವವನಲ್ಲ. ಲಿಫ್ಟಿಗೆ ಹೆದರುತ್ತೇನೆ, ನಾಯಿಗೆ ಹೆದರುತ್ತೇನೆ, ಹೊತ್ತಲ್ಲದ ಹೊತ್ತಿನಲ್ಲಿ ಟೆಲಿಫೋನು ಬಡಿದುಕೊಂಡರೆ ಕೈಕಾಲು ತಣ್ಣಗಾಗುತ್ತದೆ. ಹೀಗಿರುವಾಗ ನಮ್ಮ ಧಣಿ ಅಬು ಖಲೀಲ್ ಒಂದು ಮಧ್ಯಾಹ್ನ ಅಂಗಡಿಗೆ ಬಂದು, "ಹಮೀದ್, ಈ ಸಲ ಮಿಲಾನಿಗೆ ನೀನು ಹೋಗು" ಎಂದಾಗ ಕೈಯಲ್ಲಿದ್ದ ಚಪ್ಪಲಿ ಜಾರಿ ಗಿರಾಕಿಯ ಕಾಲಿನ ಮೇಲೆ ಬಿತ್ತು.

ಬಹ್ರೇನಿನ ಮನಾಮದ ಪೇಟೆಯಲ್ಲಿ ಅವರದು ಚಪ್ಪಲಿ ಬೂಟುಗಳ ದೊಡ್ಡ ಅಂಗಡಿ. ಸೇತುವೆಯಾಚೆಯ ಮುಹರ್ರಕ್‌ನಲ್ಲಿ, ವಿಮಾನ ನಿಲ್ದಾಣದ ಹತ್ತಿರ, ನಮ್ಮ ಮನೆ. ಮಂಗಳೂರಿನ ಬಂದರಿನಿಂದ ಹೋದ ನಾನು ಅಲ್ಲಿ ಹೆಂಗಸರ ವಿಭಾಗದ ಸೇಲ್ಸ್‌ಮನ್. ವರ್ಷಕ್ಕೊಮ್ಮೆ ಇಟಲಿಗೆ ಹೋಗಿ ಹೊಸ ಮಾದರಿಗಳನ್ನು ಆರಿಸಿ ಬರುತ್ತಿದ್ದವರು ಅಬು ಖಲೀಲರೇ. ಆ ವರ್ಷ ಅವರ ತಾಯಿಗೆ ಸೌಖ್ಯವಿರಲಿಲ್ಲ. ಬಹ್ರೇನಿನ ಹೆಂಗಸರ ಕಾಲು ಹಮೀದನಿಗೆ ಗೊತ್ತು, ಯಾವುದು ಖರ್ಚಾಗುತ್ತದೆ ಯಾವುದು ಕಪಾಟಿನಲ್ಲೇ ಕೊಳೆಯುತ್ತದೆ ಎಂಬುದೂ ಗೊತ್ತು ಎಂದು ಅವರು ನಂಬಿದ್ದರು. ಇಂಗ್ಲಿಷಿಗೂ ಲೆಕ್ಕಪತ್ರಕ್ಕೂ ಆಫೀಸಿನ ಗುಮಾಸ್ತ ಸಿಪ್ರಿಯನ್ ಜೊತೆಗೆ ಬರುವುದೆಂದು ತೀರ್ಮಾನವಾಯಿತು. ಅವನು ನಮ್ಮ ಕಡೆಯವನೇ, ಮೂಡಬಿದ್ರೆಯ ಕ್ರಿಶ್ಚಿಯನ್ ಹುಡುಗ, ಹೆದರಿಕೆ ಎಂದರೇನೆಂದು ಅರಿಯದವನು. ಅಣ್ಣನೆಂಬ ಮರ್ಯಾದೆಗೆ ನನ್ನನ್ನು ಹಮೀದಾಕ ಎನ್ನುತ್ತಿದ್ದ.

ಊರಿನಲ್ಲಿರುವವರಿಗೆ ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ಆ ದಿನಗಳಲ್ಲಿ ನಮ್ಮ ಪಾಸ್‌ಪೋರ್ಟು ನಮ್ಮ ಹತ್ತಿರ ಇರುತ್ತಿರಲಿಲ್ಲ. ನಮ್ಮನ್ನು ಕರೆಸಿಕೊಂಡು ನಮಗೆ ಹೊಣೆಯಾಗಿ ನಿಂತ ಧಣಿಯನ್ನು ಕಫೀಲ ಎನ್ನುತ್ತಾರೆ. ವಿಮಾನ ಇಳಿದ ದಿನ ಪಾಸ್‌ಪೋರ್ಟು ಅವರ ಕಡೆಯವರ ಕೈ ಸೇರಿದರೆ, ಮತ್ತೆ ಅದರ ಮುಖ ನೋಡುವುದು ರಜೆಯ ಮೇಲೆ ಊರಿಗೆ ಹೊರಟಾಗ. ನನಗೆ ಅದರಿಂದ ಬೇಸರವೇನೂ ಇರಲಿಲ್ಲ. ನಿಜ ಹೇಳಬೇಕೆಂದರೆ ನಿಶ್ಚಿಂತೆಯೇ ಇತ್ತು. ಅದರೊಳಗಿನ ವೀಸಾದ ಮೊಹರಿನ ಮೇಲೆ ನಮ್ಮ ಇಡೀ ಸಂಸಾರ ನಿಂತಿತ್ತು. ನನ್ನ ವೀಸಾ ಇದ್ದರೆ ಹೆಂಡತಿ ನೆಬೀಸಳ ವೀಸಾ, ಇಬ್ಬರು ಹುಡುಗಿಯರ ವೀಸಾ, ಅವರ ಶಾಲೆ. ಅಂಥದ್ದನ್ನು ನನ್ನಂಥವನ ಹತ್ತಿರ ಇಡುವುದೆಂದರೆ ಏನು. ನಮ್ಮ ಪಕ್ಕದ ಅಂಗಡಿಯಲ್ಲಿದ್ದ ಮೊಯ್ದು ಎಂಬವನು ರಜೆಗೆ ಹೋದಾಗ ಬೊಂಬಾಯಿಯಲ್ಲಿ ಪಾಸ್‌ಪೋರ್ಟು ಕಳೆದುಕೊಂಡಿದ್ದ. ಹೊಸತು ಸಿಗುವಷ್ಟರಲ್ಲಿ ಅವನ ಕೆಲಸದಲ್ಲಿ ಬೇರೊಬ್ಬ ಕೂತಾಗಿತ್ತು. ಅವನ ಹೆಂಡತಿ ಮಕ್ಕಳು ಪಾತ್ರೆಪಗಡ ಮಾರಿ ಊರಿಗೆ ಹೋದದ್ದನ್ನು ನಾವು ಕಣ್ಣಾರೆ ಕಂಡಿದ್ದೆವು.

ನೆಬೀಸ ನನ್ನ ಬನಿಯನಿಗೆ ಒಳಗಿನಿಂದ ಒಂದು ಜೇಬು ಹೊಲಿದಳು.

"ಪಾಸ್‌ಪೋರ್ಟು ಇದ್ರಲ್ಲೇ ಇರ್ಲಿ. ಸ್ನಾನಕ್ಕೆ ಹೋಗುವಾಗ್ಲೂ ತೆಗೀಬೇಡಿ."

"ಬನಿಯನ್ ಹಾಕಿಕೊಂಡು ಸ್ನಾನ ಮಾಡುದಾ?"

"ಹಾಗಾದ್ರೆ ಸ್ನಾನವೇ ಬೇಡ. ಅಲ್ಲಿ ಹೇಗೂ ಚಳಿಯಂತೆ."

ಅವಳು ನಗಲಿಲ್ಲ. ಹೆದರಿಕೆಯಲ್ಲಿ ಅವಳೂ ನನಗೆ ಸರಿಜೋಡಿ. ವಿಮಾನ ನಿಲ್ದಾಣದಲ್ಲಿ ನಮ್ಮ ಕಂಪನಿಯ ಕಾಗದಪತ್ರಗಳ ಓಡಾಟ ನೋಡಿಕೊಳ್ಳುವ ಜಾಸಿಮ್ ಎರಡು ಪಾಸ್‌ಪೋರ್ಟುಗಳನ್ನು ತಂದುಕೊಟ್ಟ. "ಅಲ್ಲಿ ಬಾಂಬು ಹಾಕ್ತಾರೆ, ಮನುಷ್ಯರನ್ನು ಎತ್ತಿಕೊಂಡು ಹೋಗ್ತಾರೆ. ಗುಂಪು ಕಂಡ ಕಡೆ ನಿಲ್ಲಬೇಡ" ಎಂದು ಬುದ್ಧಿ ಹೇಳಿದ. ಇಟಲಿಯ ಅಂಥ ಸುದ್ದಿ ಆಗ ರೇಡಿಯೋದಲ್ಲಿ ದಿನಾ ಬರುತ್ತಿತ್ತು. ವಿಮಾನ ಏರಿದ ಮೇಲೆ ನಾನು ಎದೆ ಮುಟ್ಟಿ ನೋಡಿಕೊಳ್ಳುವುದನ್ನು ಕಂಡು ಗಗನಸಖಿ ಎರಡು ಸಲ ನೀರು ತಂದುಕೊಟ್ಟಳು.

ಸ್ಟೇಷನ್ನಿನ ಹತ್ತಿರದ ಹೋಟೆಲು

ಮಿಲಾನ್ ನಮಗೆ ಕಾಣಿಸಲೇ ಇಲ್ಲ. ಅಂಥ ಮಂಜನ್ನು ನಾನು ಅದುವರೆಗೆ ನೋಡಿರಲಿಲ್ಲ. ಟ್ಯಾಕ್ಸಿಯ ಮುಂದೆ ಬಿಳಿ ಗೋಡೆ, ಹಿಂದೆ ಬಿಳಿ ಗೋಡೆ. ಬದಿಯಲ್ಲಿ ಟ್ರಾಮು ಹೋಗುತ್ತಿದೆ ಎಂದು ತಿಳಿಯುವುದು ಅದು ಗಂಟೆ ಬಾರಿಸಿದ ಮೇಲೆಯೇ. ಬಹ್ರೇನಿನಲ್ಲಿ ಮರಳುಗಾಳಿ ಎದ್ದಾಗ ಕಾರನ್ನು ಬದಿಗೆ ಹಾಕಿ ಕಾಯುತ್ತೇವೆ. ಇಲ್ಲಿನವನು ಸಿಗರೇಟು ಸೇದುತ್ತ, ಹಾಡಿಕೊಳ್ಳುತ್ತ, ಕಾಣದ ರಸ್ತೆಯಲ್ಲಿ ನೆನಪಿನಿಂದ ಓಡಿಸುತ್ತಿದ್ದ. ನಾನು ಕಲಿಮ ಹೇಳಿಕೊಂಡೆ. ಸಿಪ್ರಿಯನ್ ಎದೆಯ ಮೇಲೆ ಶಿಲುಬೆ ಬರೆದುಕೊಂಡ. ಅವನೂ ಹಾಗೆ ಮಾಡಿದ್ದು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಹೋಟೆಲು ದೊಡ್ಡ ರೈಲ್ವೆ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿತ್ತು. ಮೂಲೆಯಲ್ಲಿ ಚಪ್ಪಲಿ ರಿಪೇರಿಯವನ ಅಂಗಡಿ, ಅದರ ಮೇಲೆ ಮರದ ದೊಡ್ಡ ಬೂಟು ತೂಗಾಡುತ್ತಿತ್ತು. ಕೌಂಟರಿನಲ್ಲಿ ಐವತ್ತು ದಾಟಿದ ಒಬ್ಬ ಹೆಂಗಸು. ನಾನು ಯಾರನ್ನೇ ಆಗಲಿ ಮೊದಲು ನೋಡುವುದು ಕಾಲಿನಿಂದ. ಕಂದು ಬಣ್ಣದ ಹಳೆಯ ಚರ್ಮದ ಬೂಟು, ಎರಡು ಸಲ ಅಟ್ಟೆ ಬದಲಿಸಿದ್ದು, ಆದರೆ ಕನ್ನಡಿಯಂತೆ ಉಜ್ಜಿದ್ದು. ಒಳ್ಳೆಯ ಹೆಂಗಸು ಎಂದುಕೊಂಡೆ. ಎಲ್ಲರೂ ಅವಳನ್ನು ಸಿನ್ಯೋರಾ ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು.

ಅವಳು ಕೈ ಚಾಚಿ ಪಾಸ್‌ಪೋರ್ಟು ಕೇಳಿದಳು. ಅಲ್ಲಿನ ಹೋಟೆಲಿನವರು ತಂಗಿದವರ ಹೆಸರನ್ನು ಪೊಲೀಸರಿಗೆ ಬರೆದು ಕೊಡಬೇಕಂತೆ. ನಾನು ಶರ್ಟಿನ ಗುಂಡಿ ಬಿಚ್ಚಿ, ಬನಿಯನಿನೊಳಗೆ ಕೈಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಕೊಟ್ಟ ಕೂಡಲೇ ಮೈ ಹಗುರವಾಯಿತು. ಇಲ್ಲೂ ನಮ್ಮಲ್ಲಿಯ ಪದ್ಧತಿಯೇ ಇದೆ, ಹೊಣೆಗಾರರು ಒಬ್ಬರಿದ್ದಾರೆ ಎಂದು ಸಮಾಧಾನವಾಯಿತು. ಊಟವಿಲ್ಲದಿದ್ದರೂ ಚೆನ್ನಾಗಿ ನಿದ್ದೆ ಬಂತು.

ಬೆಳಿಗ್ಗೆ ಕೆಳಗೆ ಬಂದಾಗ ಸಿನ್ಯೋರಾ ಎರಡೂ ಪಾಸ್‌ಪೋರ್ಟುಗಳನ್ನು ಕೌಂಟರಿನ ಮೇಲೆ ಇಟ್ಟು ನಮ್ಮ ಕಡೆ ಸರಿಸಿದಳು. ಸಿಪ್ರಿಯನ್ ತನ್ನದನ್ನು ಕೋಟಿನ ಜೇಬಿಗೆ ತುರುಕಿದ. ನಾನು ನನ್ನದನ್ನು ಅವಳ ಕಡೆಗೇ ಸರಿಸಿದೆ. ಅವಳು ಮತ್ತೆ ನನ್ನ ಕಡೆ ಸರಿಸಿದಳು. ನಾನು ಕೈ ಮುಗಿದು, "ಕೀಪ್, ಮೇಡಂ, ಕೀಪ್" ಎಂದು ಮತ್ತೆ ದೂಡಿದೆ.

"ಎಂಥ ಮಾಡ್ತಿದ್ದೀರಿ ಹಮೀದಾಕ? ಬರೆದಾಯ್ತಂತೆ, ತಕೊಳ್ಳಿ."

"ಇರ್ಲಿ ಮಾರಾಯ. ಊರೆಲ್ಲ ಕಳ್ಳರು ಅಂತ ನೀನೇ ಹೇಳಿದ್ದಲ್ವಾ. ಅವ್ರ ಹತ್ರ ಇದ್ರೆ ಗಟ್ಟಿ."

"ಅವರು ನಿಮ್ಮ ಕಫೀಲನಾ?"

ಸಿನ್ಯೋರಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಭುಜ ಕುಣಿಸಿ ಪಾಸ್‌ಪೋರ್ಟನ್ನು ಕೀಲಿಕೈ ಇಡುವ ಗೂಡಿನೊಳಗೆ ಇಟ್ಟಳು. ನಾನು ತೃಪ್ತಿಯಿಂದ ಹೊರಗೆ ನಡೆದೆ.

ದುವೋಮೊ

ಮಂಜು ಸ್ವಲ್ಪ ಹರಿದಾಗ ಚೌಕದ ತುದಿಯಲ್ಲಿ ದೊಡ್ಡ ಇಗರ್ಜಿ ಕಾಣಿಸಿತು. ದುವೋಮೊ ಎನ್ನುತ್ತಾರೆ. ಬಿಳಿಯೂ ಅಲ್ಲದ, ಗುಲಾಬಿಯೂ ಅಲ್ಲದ ಅಮೃತಶಿಲೆ. ಒಂದೊಂದು ಕಂಬದ ತುದಿಯಲ್ಲೂ ಒಬ್ಬೊಬ್ಬ ಸಂತ ನಿಂತಿದ್ದಾನೆ. ಸಿಪ್ರಿಯನ್ ಬಾಯಿಬಿಟ್ಟುಕೊಂಡು ನೋಡಿದ. ತನ್ನ ಅಜ್ಜಿ ಮೂಡಬಿದ್ರೆಯಿಂದ ಹೊರಗೆ ಕಾಲಿಡದೆ ಸತ್ತವರಂತೆ, ಅವರಿಗೊಂದು ಮೇಣದಬತ್ತಿ ಹಚ್ಚಬೇಕೆಂದ. ಆಮೇಲೆ ಮಾಡಿನ ಮೇಲೆ ಹೋಗಬಹುದೆಂದು ಯಾರೋ ಹೇಳಿದರು. ಬೇಡ ಎಂದೆ. ಎಳೆದುಕೊಂಡು ಹೋದ.

ಮಾಡಿನ ಮೇಲೆ ಮನುಷ್ಯರು ಅಂಗಳದಲ್ಲಿ ಸುತ್ತಿದಂತೆ ಸುತ್ತುತ್ತಾರೆ. ಎತ್ತರದ ಹಿಮ್ಮಡಿಯ ಬೂಟು ಹಾಕಿಕೊಂಡ ಹುಡುಗಿಯೊಬ್ಬಳು ಇಳಿಜಾರಿನ ಒದ್ದೆ ಕಲ್ಲಿನ ಮೇಲೆ ನಿಂತು ಗೆಳೆಯನಿಂದ ಫೋಟೋ ತೆಗೆಸಿಕೊಳ್ಳುತ್ತಿದ್ದಳು. ಆ ಬೂಟಿನ ಅಟ್ಟೆ ಹೊಚ್ಚ ಹೊಸದು, ಜಾರುತ್ತದೆ ಎಂದು ನನಗೆ ಗೊತ್ತು. ಅವಳು ಇಳಿಯುವವರೆಗೂ ನಾನು ಒಬ್ಬ ಸಂತನ ಕಾಲು ಹಿಡಿದುಕೊಂಡು ನಿಂತಿದ್ದೆ. ಅವಳು ಬೀಳಲಿಲ್ಲ. ಆ ಊರಿನಲ್ಲಿ ಯಾರೂ ಬೀಳುವುದಿಲ್ಲ. ಕಲ್ಲು ಹಾಸಿದ ಬೀದಿಯಲ್ಲಿ, ಟ್ರಾಮಿನ ಹಳಿಯ ನಡುವೆ, ಸೂಜಿಯಂಥ ಹಿಮ್ಮಡಿಯಲ್ಲಿ ಮುದುಕಿಯರೂ ಓಡುತ್ತಾರೆ. ನಾನು ರಬ್ಬರು ಅಟ್ಟೆಯಲ್ಲಿ ತಡಕಾಡಿಕೊಂಡು ನಡೆದೆ.

ಊಟ ಎಂಬ ಪರೀಕ್ಷೆ

ನನಗೆ ಹಂದಿಯ ಹೆದರಿಕೆ. ಅಂಗಡಿಯ ಗಾಜಿನೊಳಗೆ ತೊಡೆತೊಡೆಯೇ ತೂಗುಹಾಕಿದ್ದನ್ನು ನೋಡಿದ ಮೇಲೆ ನೀರು ಕುಡಿಯಲೂ ಅನುಮಾನ. ಆ ಊರಿನ ಹೆಸರಾಂತ ಊಟವೆಂದರೆ ಕೇಸರಿ ಹಾಕಿದ ಹಳದಿ ಅನ್ನ, ರಿಸೊತ್ತೊ. ನೋಡಿದರೆ ನಮ್ಮ ಮದುವೆಮನೆಯ ತುಪ್ಪದ ಅನ್ನದ ನೆನಪಾಗಿ ಬಾಯಲ್ಲಿ ನೀರೂರಿತು. ಚಮಚ ಎತ್ತಿದಾಗ ಸಿಪ್ರಿಯನ್ ಬಡಿಸುವವನನ್ನು ವಿಚಾರಿಸಿ ಬಂದು ಪಕ್ಕದಲ್ಲಿ ಕೂತ.

"ಹಂದಿ ಇಲ್ಲ ಹಮೀದಾಕ, ಧೈರ್ಯದಲ್ಲಿ ತಿನ್ನಿ. ಬೇಯಿಸುವಾಗ ಸ್ವಲ್ಪ ವೈನ್ ಹಾಕ್ತಾರಂತೆ, ಅಷ್ಟೇ."

"ಅಷ್ಟೇ ಅಂದ್ರೆ?"

"ಆವಿಯಾಗಿ ಹೋಗ್ತದೆ."

"ಹೋದದ್ದನ್ನು ನೀನು ಕಂಡಿದ್ದೀಯಾ?"

ಎರಡು ತಟ್ಟೆಯನ್ನೂ ಅವನೇ ಖಾಲಿ ಮಾಡಿದ. ನಾನು ಬ್ರೆಡ್ಡು, ಮೊಟ್ಟೆ, ಕಿತ್ತಳೆ ತಿಂದುಕೊಂಡು ಆ ದಿನಗಳನ್ನು ಕಳೆದೆ. ಟೊಮೆಟೊ ಹಚ್ಚಿದ ರೊಟ್ಟಿಯೊಂದು ಸಿಕ್ಕಿತು, ಅದು ಮಾತ್ರ ನಿಜಕ್ಕೂ ರುಚಿಯಾಗಿತ್ತು.

ಕಾಫಿಯ ಕಥೆ ಬೇರೆ. ಅಲ್ಲಿ ಕಾಫಿಯನ್ನು ಕೂತು ಕುಡಿಯುವುದಿಲ್ಲ. ಕೌಂಟರಿಗೆ ಒರಗಿ, ಗುಬ್ಬಿಯ ಗುಟುಕಿನಷ್ಟನ್ನು ಒಂದೇ ಸಲ ಬಾಯಿಗೆ ಸುರಿದುಕೊಂಡು ಹೊರಟೇ ಹೋಗುತ್ತಾರೆ. ಬಹ್ರೇನಿನಲ್ಲೂ ಪುಟ್ಟ ಬಟ್ಟಲಿನ ಅರಬಿ ಕಾಫಿ, ಗಾವಾ, ಕುಡಿದು ನನಗೆ ಅಭ್ಯಾಸ. ಅಲ್ಲಿ ಸಾಕೆನಿಸಿದರೆ ಖಾಲಿ ಬಟ್ಟಲನ್ನು ಸ್ವಲ್ಪ ಅಲುಗಿಸಿ ಕೊಡಬೇಕು, ಇಲ್ಲವಾದರೆ ಸುರಿಯುತ್ತಲೇ ಇರುತ್ತಾರೆ. ನಾನು ಗೊತ್ತಿಲ್ಲದೆ ಕಪ್ಪನ್ನು ಅಲುಗಿಸಿ ಇಟ್ಟೆ. ಕೌಂಟರಿನ ಮೀಸೆಯವನು ಇನ್ನೊಂದು ಕಾಫಿ ಮಾಡಿಕೊಟ್ಟ. ಮರ್ಯಾದೆಗೆ ಕುಡಿದು, ಸಾಕಪ್ಪ ಎಂದು ಇನ್ನೂ ಜೋರಾಗಿ ಅಲುಗಿಸಿದೆ. ಅವನು ಮೆಚ್ಚಿಕೊಂಡು ಮತ್ತೊಂದು ಕೊಟ್ಟ. ಎದೆ ಎಷ್ಟು ಜೋರಾಗಿ ಹೊಡೆದುಕೊಳ್ಳಲು ಶುರುವಾಯಿತೆಂದರೆ ನೆಬೀಸಳ ಮುಖ ಕಣ್ಣೆದುರಿಗೆ ಬಂತು. ಸಿಪ್ರಿಯನ್ ಕಪ್ಪನ್ನು ನನ್ನ ಕೈಯಿಂದ ಕಸಿದುಕೊಂಡು ಕೌಂಟರಿನ ಮೇಲೆ ಕವುಚಿ ಹಾಕಿದ.

ಬೂಟಿನ ಬೀದಿ

ನಮ್ಮ ಕೆಲಸ ಇದ್ದದ್ದು ಶ್ರೀಮಂತರ ಒಂದು ಕಿರಿದಾದ ಬೀದಿಯಲ್ಲಿ. ಅಲ್ಲಿಯ ಅಂಗಡಿಗಳ ಗಾಜಿನೊಳಗೆ ಒಂದೇ ಒಂದು ಬೂಟು ಇಟ್ಟಿರುತ್ತಾರೆ. ನಮ್ಮ ಮನಾಮದ ಸೂಕಿನಲ್ಲಿ, ಅಂದರೆ ಪೇಟೆಯಲ್ಲಿ, ಬಾಗಿಲಿನಿಂದ ಛಾವಣಿಯವರೆಗೆ ಜೋಡಿಸಿ, ಸಾಲದೆ ಹಗ್ಗಕ್ಕೂ ಕಟ್ಟಿ ನೇತುಹಾಕುತ್ತೇವೆ. ಇಲ್ಲಿ ಒಂದು ಬೂಟಿಗೆ ಒಂದು ದೀಪ, ಒಂದು ರೇಷ್ಮೆಯ ಬಟ್ಟೆ. ಹೊಲಿಗೆ ಕಾಣಿಸುವುದೇ ಇಲ್ಲ. ಒಳಗಿನ ಚರ್ಮವನ್ನು ಬೆರಳಿನಿಂದ ಸವರಿದರೆ ಮಗುವಿನ ಕೆನ್ನೆಯ ಹಾಗಿದೆ. ನನಗೆ ಆ ಊರಿನಲ್ಲಿ ಹೆದರಿಕೆ ಮರೆತುಹೋದದ್ದು ಆ ಗಾಜುಗಳ ಮುಂದೆ ಮಾತ್ರ.

ಒಂದು ಅಂಗಡಿಯೊಳಗೆ ಹೋದೆವು. ಕಪ್ಪು ಉಡುಪಿನ ಹೆಂಗಸೊಬ್ಬಳು, ನಮ್ಮ ಬ್ಯಾಂಕಿನ ಮ್ಯಾನೇಜರಿಗಿಂತ ಗಂಭೀರವಾಗಿದ್ದಳು, ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಕೂರಿಸಿ ನನ್ನ ಎದುರು ಮೊಣಕಾಲೂರಿ, ನನ್ನ ಕಾಲು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ಬೂಟು ಬಿಚ್ಚತೊಡಗಿದಳು. ಆ ಕೆಲಸ ನನ್ನದು. ಇಷ್ಟು ವರ್ಷ ಮೊಣಕಾಲೂರಿದವನು ನಾನು, ಕುರ್ಚಿಯಲ್ಲಿ ಕೂತವರು ಬೇರೆಯವರು. ನನಗೆ ಎಂಥ ದಿಗಿಲಾಯಿತೆಂದರೆ ಕಾಲನ್ನು ಝಾಡಿಸಿ ಎಳೆದುಕೊಂಡೆ. ಅವಳ ಕೈಯಲ್ಲಿ ನನ್ನ ತೂತು ಬಿದ್ದ ಕಾಲುಚೀಲ ಉಳಿಯಿತು. ಅವಳು ಅದನ್ನು ಮಡಚಿ ಕುರ್ಚಿಯ ಕೈಮೇಲೆ ಇಟ್ಟು, ಏನೂ ಆಗದವಳಂತೆ ಮತ್ತೆ ಕೈ ಚಾಚಿದಳು.

"ಕೊಡಿ ಹಮೀದಾಕ, ಕಚ್ಚುದಿಲ್ಲ" ಎಂದ ಸಿಪ್ರಿಯನ್.

ಕೊಟ್ಟೆ. ಅಳತೆ ತೆಗೆಯುವಾಗ ಅವಳ ಬೆರಳು ನನ್ನ ಬೆರಳಿನ ಹಾಗೆಯೇ ಆಡುತ್ತಿತ್ತು, ಮೊದಲು ಹೆಬ್ಬೆರಳಿನ ಗಂಟು, ಆಮೇಲೆ ಹಿಮ್ಮಡಿ. ಅವಳ ಮೊಣಕಾಲಿನಲ್ಲೂ ನೋವು ಇರಬಹುದು ಎಂದು ಅನಿಸಿತು. ಆ ಅಂಗಡಿಯಿಂದಲೇ ಹೆಚ್ಚಿನ ಮಾದರಿಗಳನ್ನು ಆರಿಸಿದೆವು.

ಭಾನುವಾರ

ಭಾನುವಾರ ಸಿಪ್ರಿಯನ್‌ಗೆ ದುವೋಮೊದಲ್ಲಿ ಪೂಜೆ ಕೇಳಬೇಕಿತ್ತು. "ಇಲ್ಲೇ ಕಂಬದ ಹತ್ರ ನಿಂತಿರಿ, ಎಲ್ಲಿಗೂ ಹೋಗ್ಬೇಡಿ" ಎಂದು ಮಕ್ಕಳಿಗೆ ಹೇಳುವಂತೆ ಹೇಳಿ ಒಳಗೆ ಹೋದ. ನಾನು ಪಾರಿವಾಳಗಳನ್ನೂ ಜನರ ಕಾಲನ್ನೂ ನೋಡುತ್ತ ನಿಂತೆ.

ಮೊದಲು ಕೇಳಿಸಿದ್ದು ಘೋಷಣೆ. ಚೌಕದ ಆ ತುದಿಯಿಂದ ಕೆಂಪು ಬಾವುಟ ಹಿಡಿದ ಮೆರವಣಿಗೆ ಬರುತ್ತಿತ್ತು. ಈ ತುದಿಯಿಂದ ಪೊಲೀಸು ಜೀಪುಗಳು ಬಂದವು. ಗುಂಪು ಕಂಡ ಕಡೆ ನಿಲ್ಲಬೇಡ ಎಂದಿದ್ದ ಜಾಸಿಮ್. ಕಂಬ ಬಿಟ್ಟು ಹೋಗಬೇಡ ಎಂದಿದ್ದ ಸಿಪ್ರಿಯನ್. ಏನು ಮಾಡಲೆಂದು ತೋಚದೆ ನಾನು ಕಂಬದ ಸುತ್ತ ತಿರುಗಿದೆ, ಓಡಿದ ಹಾಗೂ ಆಯಿತು ನಿಂತ ಹಾಗೂ ಆಯಿತು ಎಂದು. ಹಾಗೆ ಸುತ್ತುತ್ತಿದ್ದ ಕಪ್ಪು ಗಡ್ಡದ ಮನುಷ್ಯ ಪೊಲೀಸರ ಕಣ್ಣಿಗೆ ಬೀಳದಿರುತ್ತಾನೆಯೇ.

ನನ್ನ ಮುಂದೆ ಎರಡು ಜೊತೆ ಕಪ್ಪು ಬೂಟು ಬಂದು ನಿಂತವು. ಮೇಲೆ ನೋಡಿದರೆ ಪ್ಯಾಂಟಿನ ಬದಿಯಲ್ಲಿ ಕೆಂಪು ಪಟ್ಟಿ, ಇನ್ನೂ ಮೇಲೆ ನೋಡಿದರೆ ಬಂದೂಕು.

"ದೊಕುಮೆಂತಿ" ಎಂದರು.

ಕೈ ತಾನಾಗಿ ಬನಿಯನಿನೊಳಗೆ ಹೋಯಿತು. ಅವರು ಬಂದೂಕು ಎತ್ತಿದರು. ಕೈ ಹೊರಗೆ ತೆಗೆದೆ, ಅದರಲ್ಲಿ ಏನೂ ಇರಲಿಲ್ಲ.

ಸ್ವಲ್ಪ ಇಂಗ್ಲಿಷ್ ಬಲ್ಲ ಅಧಿಕಾರಿಯೊಬ್ಬ ಬಂದ. ಎಳೆಯ ವಯಸ್ಸು, ದಣಿದ ಮುಖ.

"ಪಾಸ್‌ಪೋರ್ಟು ಎಲ್ಲಿ?"

"ಹೋಟೆಲಿನ ಮೇಡಂ ಹತ್ತಿರ."

"ಯಾಕೆ ಅವಳ ಹತ್ತಿರ? ಅವಳು ಕಿತ್ತುಕೊಂಡಳೇ?"

"ಇಲ್ಲ, ನಾನೇ ಕೊಟ್ಟೆ. ಅವರು ವಾಪಸು ಕೊಟ್ಟರು. ನಾನು ಮತ್ತೆ ಕೊಟ್ಟೆ."

ಅವನು ಜೊತೆಯವನ ಮುಖ ನೋಡಿದ. "ಯಾಕೆ?"

"ಯಾವಾಗಲೂ ಹಾಗೆಯೇ. ನಮ್ಮಲ್ಲಿ ಪಾಸ್‌ಪೋರ್ಟು ಕಫೀಲನ ಹತ್ತಿರ ಇರುತ್ತದೆ."

"ಕಫೀಲ ಯಾರು? ಇಲ್ಲಿದ್ದಾನೆಯೇ?"

"ಇಲ್ಲ, ಬಹ್ರೇನಿನಲ್ಲಿ."

"ಹೋಟೆಲಿನ ಹೆಸರು?"

ಗೊತ್ತಿರಲಿಲ್ಲ. ಹೆಸರು, ವಿಳಾಸ, ದುಡ್ಡು ಎಲ್ಲ ಸಿಪ್ರಿಯನ್ ನೋಡಿಕೊಳ್ಳುತ್ತಿದ್ದ. ನನ್ನ ಗೆಳೆಯ ಒಳಗಿದ್ದಾನೆ ಎಂದು ಇಗರ್ಜಿಯ ಕಡೆ ತೋರಿಸಿದೆ. ಆ ಹೊತ್ತಿಗೆ ಅದರ ಬಾಗಿಲುಗಳನ್ನು ಹಾಕಿಬಿಟ್ಟಿದ್ದರು. ಸ್ಟೇಷನ್ನಿನ ಹಿಂದೆ, ಮೂಲೆಯಲ್ಲಿ ಮರದ ಬೂಟು ತೂಗುತ್ತದೆ ಎಂದೆ. ಅಧಿಕಾರಿ ನಿಟ್ಟುಸಿರುಬಿಟ್ಟು ಜೀಪಿನ ಬಾಗಿಲು ತೆಗೆದ.

ಜೀಪಿನಲ್ಲಿ ನಾನು ಅತ್ತೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಮಕ್ಕಳಂತೆ ಅತ್ತೆ. ಇವರು ನನ್ನನ್ನು ನಂಬದಿದ್ದರೆ ಇಲ್ಲಿಂದಲೇ ಊರಿಗೆ ಗಡೀಪಾರು ಮಾಡುತ್ತಾರೆ. ಬಹ್ರೇನಿಗೆ ಮತ್ತೆ ಕಾಲಿಡುವ ಮೊಹರು ಆ ಪಾಸ್‌ಪೋರ್ಟಿನಲ್ಲೇ ಇದೆ. ನಾನು ಬರದಿದ್ದರೆ ನೆಬೀಸಳನ್ನೂ ಮಕ್ಕಳನ್ನೂ ಅಲ್ಲಿ ಇರಗೊಡುವುದಿಲ್ಲ. ಮೊಯ್ದುವಿನ ಹೆಂಡತಿ ಪ್ರೆಶರ್ ಕುಕ್ಕರ್ ಮಾರಲು ನಮ್ಮ ಮನೆಗೆ ಬಂದಿದ್ದಳು. ಅದನ್ನು ಕೊಂಡುಕೊಂಡವರು ನಾವೇ. ಆ ಮಂಜಿನಲ್ಲಿ ನನ್ನ ಹೆಂಡತಿ ಅದೇ ಕುಕ್ಕರನ್ನು ಎತ್ತಿಕೊಂಡು ಮನೆಮನೆಯ ಬಾಗಿಲು ತಟ್ಟುತ್ತಿರುವುದು ನನಗೆ ಕಾಣಿಸುತ್ತಲೇ ಇತ್ತು.

ಸ್ಟೇಷನ್ನಿನ ಹಿಂದಿನ ಓಣಿಗಳನ್ನು ಜೀಪು ಒಂದೊಂದಾಗಿ ಸುತ್ತಿತು. ಕೊನೆಗೆ ಮರದ ಬೂಟು ಕಾಣಿಸಿತು.

ಸಿನ್ಯೋರಾಳ ಕೈಚೀಲ

ಕೌಂಟರಿನಲ್ಲಿ ಸಿನ್ಯೋರಾ ಇರಲಿಲ್ಲ. ಅವಳ ಗಂಡನಿರಬೇಕು, ಮನೆಯ ಚಪ್ಪಲಿ ಹಾಕಿಕೊಂಡ ಮುದುಕ, ಪೊಲೀಸರನ್ನು ಕಂಡು ಎದ್ದು ನಿಂತ. ನಮ್ಮ ಕೋಣೆಯ ಗೂಡಿನಲ್ಲಿ ಕೈಯಾಡಿಸಿದ. ಕೀಲಿಕೈ ಮಾತ್ರ ಇತ್ತು. ಬಗ್ಗಿ ನೋಡಿದ, ಪಕ್ಕದ ಗೂಡುಗಳನ್ನೂ ನೋಡಿದ, ಆಮೇಲೆ ನಮ್ಮ ಕಡೆ ತಿರುಗಿ ಎರಡೂ ಕೈ ಬಿಚ್ಚಿ ತೋರಿಸಿದ.

ನಾನು ಮೆಟ್ಟಿಲ ಮೇಲೆಯೇ ಕುಸಿದು ಕೂತೆ. ಮುದುಕ ಟೆಲಿಫೋನಿನಲ್ಲಿ ಯಾರೊಂದಿಗೋ ಬಹಳ ಹೊತ್ತು ಕೂಗಾಡಿದ. ಅಧಿಕಾರಿ ನನಗೆ ತಿಳಿಸಿ ಹೇಳಿದ್ದು ಇಷ್ಟು. ಸಿನ್ಯೋರಾ ಭಾನುವಾರದ ಊಟಕ್ಕೆ ಊರ ಹೊರಗಿನ ತಂಗಿಯ ಮನೆಗೆ ಹೋಗಿದ್ದಾಳೆ. ಪಾಸ್‌ಪೋರ್ಟು ಅವಳ ಜೊತೆಗೇ ಇದೆ. ಬರುತ್ತಾಳೆ.

ಯಾಕೆ ಅವಳ ಜೊತೆಗಿದೆ ಎಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಾರಲು ಕೊಂಡುಹೋಗಿದ್ದಾಳೆ ಎಂದು ನನ್ನ ಮನಸ್ಸು ಹೇಳಿತು. ಅವಳ ಉಜ್ಜಿದ ಬೂಟನ್ನು ನಂಬಿ ಹೆಂಡತಿ ಮಕ್ಕಳನ್ನು ಬೀದಿಗೆ ತಂದೆ ಎಂದು ಹಣೆ ಚಚ್ಚಿಕೊಂಡೆ. ಅಷ್ಟರಲ್ಲಿ ಸಿಪ್ರಿಯನ್ ಓಡಿಬಂದ, ಚಳಿಯಲ್ಲೂ ಬೆವರಿದ್ದ.

"ಎಲ್ಲಿ ಹೋದದ್ದು ಮಾರಾಯ್ರೆ ನೀವು? ಚರ್ಚಿನ ಎಲ್ಲ ಬಾಗಿಲೂ ಸುತ್ತಿ ಬಂದೆ. ನಿಮ್ಮ ಹೆಂಡ್ತಿಗೆ ಎಂಥ ಹೇಳುದು ಅಂತಲೇ ಜೀವ ಹೋಗಿತ್ತು."

ಮೊದಲ ಸಲ ಅವನ ಮುಖದಲ್ಲಿ ಹೆದರಿಕೆ ಕಂಡೆ. ಪೊಲೀಸರನ್ನು ನೋಡಿ ಅವನು ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತ.

ಸಿನ್ಯೋರಾ ಬಂದಳು. ಬೂಟಿನ ಮೇಲೆಲ್ಲ ಕೆಸರು ಸಿಡಿದಿತ್ತು, ಕೂದಲು ಬಿಚ್ಚಿಹೋಗಿತ್ತು. ಯಾರ ಮುಖವನ್ನೂ ನೋಡದೆ ಕೈಚೀಲವನ್ನು ಕೌಂಟರಿನ ಮೇಲೆ ಸುರಿದಳು. ಜಪಸರ, ಕನ್ನಡಕ, ಲಿಪ್‌ಸ್ಟಿಕ್ಕು, ತಂಗಿ ಕಟ್ಟಿಕೊಟ್ಟಿದ್ದ ಕೇಕಿನ ಪೊಟ್ಟಣ, ಕೊನೆಗೆ ಇಸ್ತ್ರಿ ಮಾಡಿದ ಬಿಳಿ ಕರವಸ್ತ್ರದಲ್ಲಿ ಸುತ್ತಿದ ನನ್ನ ಪಾಸ್‌ಪೋರ್ಟು. ಅಧಿಕಾರಿಗೆ ಒಂದೇ ಉಸಿರಿನಲ್ಲಿ ಏನೇನೋ ಹೇಳಿದಳು. ಅವನು ನಿಧಾನವಾಗಿ ಇಂಗ್ಲಿಷಿಗೆ ತಿರುಗಿಸಿದ.

"ನೀವು ಕೈ ಮುಗಿದು ಬೇಡಿಕೊಂಡಿರಂತೆ. ಈ ಮನುಷ್ಯ ಯಾರಿಗೋ ಬಹಳ ಹೆದರಿದ್ದಾನೆ ಎಂದು ಅವಳಿಗೆ ತೋರಿತಂತೆ. ಆ ಗೂಡಿಗೆ ಬೀಗವಿಲ್ಲ. ಅದಕ್ಕೆ ಹೋದಲ್ಲೆಲ್ಲ ಕೈಚೀಲದಲ್ಲಿ ಇಟ್ಟುಕೊಂಡು ತಿರುಗಿದ್ದಾಳೆ, ಮಲಗುವಾಗ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾಳೆ. ಇವತ್ತು ಟ್ರಾಮಿನಲ್ಲಿ ಒಬ್ಬ ಹುಡುಗ ಕೈಚೀಲ ಎಳೆದನಂತೆ, ಬಿಡಲಿಲ್ಲವಂತೆ. ನೀವು ಬಂದಂದಿನಿಂದ ನಿದ್ದೆಯಿಲ್ಲ ಎನ್ನುತ್ತಾಳೆ."

ಅವಳ ಮಣಿಕಟ್ಟಿನ ಮೇಲೆ ಚೀಲದ ಪಟ್ಟಿ ಎಳೆದ ಕೆಂಪು ಗೀರು ಇತ್ತು. ನನ್ನ ಹೊಟ್ಟೆಯೊಳಗಿದ್ದ ಹೆದರಿಕೆಯನ್ನು ನಾನು ಎತ್ತಿ ಆ ಬಡಪಾಯಿ ಹೆಂಗಸಿನ ಮಡಿಲಿಗೆ ಹಾಕಿ, ಆರಾಮವಾಗಿ ಊರು ಸುತ್ತಿದ್ದೆ. ಅವಳು ಅದನ್ನು ಹೊತ್ತುಕೊಂಡಿದ್ದಳು.

ಅಧಿಕಾರಿ ಪಾಸ್‌ಪೋರ್ಟು ಬಿಡಿಸಿ, ಫೋಟೋ ನೋಡಿ, ನನ್ನನ್ನು ನೋಡಿ, ಮುಚ್ಚಿದ. ಅದನ್ನು ನನ್ನ ಕಡೆ ಚಾಚಿದ.

"ಇದನ್ನು ನೋಡುವುದು ನನ್ನ ಕೆಲಸ. ಇಟ್ಟುಕೊಳ್ಳುವುದು ನಿಮ್ಮದು. ಇಲ್ಲೇ, ನನ್ನೆದುರಿಗೆ ಜೇಬಿಗೆ ಹಾಕಿ."

ಬನಿಯನಿನ ಜೇಬು ಹುಡುಕಲು ಬಹಳ ಹೊತ್ತು ಹಿಡಿಯಿತು. ಅವನು ಅಲ್ಲಿಯವರೆಗೂ ಕಾದು ನಿಂತ. ಸಿನ್ಯೋರಾ ಕೇಕಿನ ಪೊಟ್ಟಣ ಬಿಚ್ಚಿ ಎಲ್ಲರಿಗೂ ಹಂಚಿದಳು, ಪೊಲೀಸರಿಗೂ. ವೈನು ಇದೆಯೇ ಎಂದು ಕೇಳದೆ ತಿಂದೆ.

ಕೊನೆಯ ದಿನ

ಮಿಲಾನನ್ನು ನಾನು ನಿಜವಾಗಿ ನೋಡಿದ್ದು ಆ ಒಂದು ದಿನ. ಪಾಸ್‌ಪೋರ್ಟು ಎದೆಗೆ ಒತ್ತುತ್ತಿತ್ತು. ಹೆದರಿಕೆ ಇದ್ದೇ ಇತ್ತು, ಆದರೆ ಎಲ್ಲಿದೆ ಎಂದು ಗೊತ್ತಿತ್ತು. ಗಾಜಿನ ಛಾವಣಿಯ ದೊಡ್ಡ ಪೇಟೆಯ ನೆಲದಲ್ಲಿ ಬಣ್ಣದ ಕಲ್ಲಿನಿಂದ ಒಂದು ಹೋರಿಯನ್ನು ಬಿಡಿಸಿದ್ದಾರೆ. ಅದರ ಹೇಳಬಾರದ ಜಾಗದ ಮೇಲೆ ಹಿಮ್ಮಡಿ ಊರಿ ಒಂದು ಸುತ್ತು ತಿರುಗಿದರೆ ಅದೃಷ್ಟ ಎಂದು ಜನ ಸಾಲುಗಟ್ಟಿ ನಿಲ್ಲುತ್ತಾರೆ. ತಿರುಗಿ ತಿರುಗಿ ಅಲ್ಲಿ ಗುಂಡಿಯೇ ಬಿದ್ದಿದೆ. ಸೂಟು ಹಾಕಿದ ದೊಡ್ಡ ಮನುಷ್ಯರೂ ತಿರುಗಿದರು, ಸಿಪ್ರಿಯನ್ ತಿರುಗಿದ. ನಾನು ಹೋರಿಗೂ ಹೆದರುವವನು. ದೂರದಿಂದ ನೋಡಿದೆ. ಆಮೇಲೆ ಚಳಿಯಲ್ಲಿ ನಡುಗುತ್ತ ಐಸ್‌ಕ್ರೀಮು ತಿಂದೆವು.

ಹೊರಡುವಾಗ ಸಿನ್ಯೋರಾ ನನ್ನ ಎದೆಯ ಕಡೆ ಬೆರಳು ತೋರಿಸಿ ಹುಬ್ಬೇರಿಸಿದಳು. ನಾನು ಮುಟ್ಟಿ ತೋರಿಸಿದೆ. ಅವಳು ನಕ್ಕಳು.

ಮತ್ತೆ ಬಹ್ರೇನ್

ಮುಹರ್ರಕ್‌ನ ವಿಮಾನ ನಿಲ್ದಾಣದಿಂದ ಹೊರಗೆ ಬಂದಾಗ ಜಾಸಿಮ್ ಕಾಯುತ್ತಿದ್ದ. ಸಲಾಮು ಹೇಳಿ, ಯಾರ ಜೊತೆಗೋ ಮಾತಾಡುತ್ತಲೇ, ನಮ್ಮ ಕಡೆ ನೋಡದೆ ಕೈ ಚಾಚಿದ. ಸಿಪ್ರಿಯನ್ ಕೊಟ್ಟ. ನಾನೂ ಕೊಟ್ಟೆ. ಕೊಡದಿರುವಷ್ಟು ಗಂಡೆದೆ ನನ್ನದಲ್ಲ. ಮೊದಲೆಲ್ಲ ಕೊಟ್ಟ ಮೇಲೆ ಹೆದರಿಕೆ ಹೋಗುತ್ತಿತ್ತು. ಈ ಸಲ ಕೊಟ್ಟ ಮೇಲೆ ಶುರುವಾಯಿತು.

"ಜಾಸಿಮ್, ಇದನ್ನು ಎಲ್ಲಿ ಇಡ್ತೀ?"

ಅವನು ಮಾತು ನಿಲ್ಲಿಸಿ ನನ್ನನ್ನು ನೋಡಿದ. ಇಷ್ಟು ವರ್ಷಗಳಲ್ಲಿ ಯಾರೂ ಅವನಿಗೆ ಆ ಪ್ರಶ್ನೆ ಕೇಳಿರಲಿಕ್ಕಿಲ್ಲ.

"ಗಾಡಿಯಲ್ಲಿ. ಆಫೀಸಿನ ಕಡೆ ಹೋದಾಗ ಅಬು ಖಲೀಲರಿಗೆ ಕೊಡ್ತೇನೆ."

"ಯಾವಾಗ?"

"ನಾಳೆ. ಇಲ್ಲಾ ಈ ವಾರ. ಯಾಕೆ?"

ಗಾಡಿಯ ಬಾಗಿಲು ತೆಗೆದು ಅವನು ಡ್ಯಾಶ್‌ಬೋರ್ಡಿನ ಗೂಡು ತೆರೆದ. ಕ್ಯಾಸೆಟ್ಟುಗಳು, ಟಿಶ್ಯೂ ಪೇಪರಿನ ಡಬ್ಬಿ, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ, ಅದರ ಹಿಂದೆ ರಬ್ಬರು ಬ್ಯಾಂಡು ಹಾಕಿದ ಪಾಸ್‌ಪೋರ್ಟುಗಳ ಒಂದು ಕಟ್ಟು. ಯಾರು ಯಾರದ್ದೋ, ಯಾವ ಊರಿನವರದ್ದೋ. ನಮ್ಮ ಎರಡನ್ನು ಅದರ ಮೇಲೆ ಹಾಕಿ ಗೂಡು ಮುಚ್ಚಿದ. ಅದಕ್ಕೆ ಬೀಗ ಇರಲಿಲ್ಲ.

"ನಾನೂ ಬರ್ತೇನೆ. ಈಗಲೇ ಕೊಟ್ಟು ಬರುವಾ" ಎಂದೆ.

"ನಿನ್ನ ಮನೆ ಇಲ್ಲೇ ಅಲ್ವಾ? ಹೆಂಡತಿ ಮಕ್ಕಳು ಕಾಯ್ತಿರ್ತಾರೆ."

"ಇರ್ಲಿ."

ಸಿಪ್ರಿಯನ್ ಹಿಂದೆ ಕೂತ. ಸಂಜೆಯ ಹೊತ್ತು, ಬೀದಿದೀಪ ಆಗಷ್ಟೇ ಹತ್ತಿತ್ತು. ನಮ್ಮ ಓಣಿಯ ಬಾಯಿಯಲ್ಲಿರುವ ಕೋಲ್ಡ್ ಸ್ಟೋರ್ ಎಂಬ ಕಿರಾಣಿ ಅಂಗಡಿಯ ಮುಂದೆ ಇಬ್ಬರು ಹುಡುಗಿಯರೂ ಹೊಸ ಫ್ರಾಕು ಹಾಕಿಕೊಂಡು ನಿಂತಿದ್ದರು. ಹಿಂದೆ ನೆಬೀಸ. ಚಿಕ್ಕವಳು ನಮ್ಮ ಗಾಡಿ ಗುರುತಿಸಿ ಕೈ ಬೀಸುತ್ತ ಮುಂದೆ ಓಡಿಬಂದಳು. ಜಾಸಿಮ್ ಬ್ರೇಕಿನ ಮೇಲೆ ಕಾಲಿಟ್ಟು ನನ್ನ ಮುಖ ನೋಡಿದ.

"ನಿಲ್ಲಿಸ್ಬೇಡ" ಎಂದೆ.

ಗಾಡಿ ಅವರನ್ನು ದಾಟಿ ಮನಾಮದ ಸೇತುವೆಯ ಕಡೆ ಹೋಯಿತು. ನಾನು ಅವರ ಕಡೆ ಕೈ ಬೀಸಲೂ ಇಲ್ಲ. ಎರಡೂ ಅಂಗೈಯಿಂದ ಡ್ಯಾಶ್‌ಬೋರ್ಡಿನ ಗೂಡಿನ ಬಾಗಿಲನ್ನು ಒತ್ತಿ ಹಿಡಿದುಕೊಂಡಿದ್ದೆ.